ಎಂ-ಸ್ಯಾಂಡ್: ಕಣದ ಗಾತ್ರ, ಆಕಾರ ಮತ್ತು ಕಾಂಕ್ರೀಟ್

ಬೆಂಗಳೂರಿನ ಜಯನಗರ, ಬನಶಂಕರಿಯ ಹೊಸ ಕಟ್ಟಡಗಳ ಮುಂದೆ ಕಾಣುವ ಬೂದು ರಾಶಿ ಎಂ-ಸ್ಯಾಂಡ್, ಅಂದರೆ ಕಲ್ಲನ್ನು ಪುಡಿಮಾಡಿ ತಯಾರಿಸಿದ ಮರಳು. ಇದು ನದಿ ಮರಳಿನಷ್ಟು ಗಟ್ಟಿಯಲ್ಲ ಎಂಬ ಆಕ್ಷೇಪ ಇನ್ನೂ ಕೇಳಿಬರುತ್ತದೆ. ಆದರೆ ಮರಳು ಎಲ್ಲಿಂದ ಬಂತು ಎನ್ನುವುದಕ್ಕಿಂತ ಕಣದ ಗಾತ್ರ, ಆಕಾರಗಳೇ ಮುಖ್ಯ. ಹೊಳೆಯಲ್ಲಿ ಉರುಳಿ ದುಂಡಾದ ಕಣ ಸಲೀಸಾಗಿ ಜಾರುತ್ತದೆ, ಕಾಂಕ್ರೀಟ್ ಕಲಸಲು ಕಡಿಮೆ ನೀರು ಸಾಕು. ಪುಡಿಗಲ್ಲಿನ ಮೊನಚು ಕಣಗಳು ಪರಸ್ಪರ ಕಚ್ಚಿಕೊಳ್ಳುತ್ತವೆ. ಹಿಡಿತ ಹೆಚ್ಚು, ನೀರಿನ ಬೇಡಿಕೆಯೂ ಹೆಚ್ಚು. ನಿಜವಾದ ದೋಷ ಚಪ್ಪಟೆ ಕಣಗಳದ್ದು. ವಿಎಸ್‌ಐ (ವರ್ಟಿಕಲ್ ಶಾಫ್ಟ್ ಇಂಪ್ಯಾಕ್ಟರ್) ಕ್ರಷರ್ ಅವನ್ನು ಬಡಿದು ಘನಾಕಾರಕ್ಕೆ ತರುತ್ತದೆ. ಇನ್ನು ದೂಳು: ಕಣದ ವ್ಯಾಸ ಅರ್ಧವಾದರೆ ಅಷ್ಟೇ ತೂಕದ ಪುಡಿಯ ಮೇಲ್ಮೈ ಇಮ್ಮಡಿಯಾಗಿ ಹೆಚ್ಚು ನೀರು ಹೀರುತ್ತದೆ. ಆದ್ದರಿಂದಲೇ ಭಾರತೀಯ ಮಾನಕ ಐಎಸ್ 383:2016 ಪುಡಿಗಲ್ಲಿನ ಮರಳಿನಲ್ಲಿ 150 ಮೈಕ್ರಾನ್ ಜರಡಿ ದಾಟುವ ಅಂಶವನ್ನು ಶೇ. 20ಕ್ಕೆ ಮಿತಿಗೊಳಿಸಿದೆ.