ಒಂದೆಲೆಯ ಮೊಳಕೆ, ಎರಡೆಲೆಯ ಮೊಳಕೆ



ಒಂದು ಹಳೆಯ ಕುಡಿಕೆಗೆ ಮಣ್ಣು ತುಂಬಿ, ನಾಲ್ಕು ಜೋಳದ ಕಾಳನ್ನೂ ನಾಲ್ಕು ಅವರೆಕಾಳನ್ನೂ ಊರಿ ನೀರು ಚಿಮುಕಿಸಿರಿ. ಕೆಲವು ದಿನಗಳಲ್ಲಿ ಅವರೆಯು ತನ್ನ ಎರಡು ಬೇಳೆಗಳನ್ನೂ ಹೊತ್ತುಕೊಂಡು ಮೇಲೇಳುತ್ತದೆ. ಜೋಳವೋ ಸೂಜಿಯಂತೆ ಒಂದೇ ಕುಡಿಯಾಗಿ ಬರುತ್ತದೆ. ಅದಕ್ಕಿರುವ ಒಂದೇ ಬೀಜದಳವು ಕಾಳಿನೊಳಗೇ ಉಳಿದು, ಅಲ್ಲಿನ ಹಿಟ್ಟಿನ ಸಾರವನ್ನು ಸಸಿಗೆ ಒದಗಿಸುತ್ತಿರುತ್ತದೆ. ಆದುದರಿಂದ ಜೋಳ ಏಕದಳ, ಅವರೆ ದ್ವಿದಳ. ರಾಗಿ, ಭತ್ತ, ಕಬ್ಬು, ಬಾಳೆ, ತೆಂಗು ಇವೆಲ್ಲ ಏಕದಳದ ಮನೆತನದವು. ಈರುಳ್ಳಿಯೂ ಅದೇ ಎಂದರೆ ಅನೇಕರು ನಂಬುವುದಿಲ್ಲ.

ಬೆಳೆದ ಗಿಡವಾದರೆ ಎಲೆ ನೋಡಿರಿ. ರಾಗಿಯ ಎಲೆಯಲ್ಲಿ ನರಗಳು ಉದ್ದಕ್ಕೆ ಸಾಲಾಗಿ ಓಡುತ್ತವೆ. ಅವರೆಯದರಲ್ಲಿ ಬಲೆಯಂತೆ ಹರಡಿರುತ್ತವೆ. ಕಿತ್ತರೆ ರಾಗಿಗೆ ಜುಂಗಿನಂತಹ ಬೇರು, ಅವರೆಗೆ ತಾಯಿಬೇರು.

ಎಳೆಯ ರಾಗಿಯ ಬೆಳೆಯುವ ಸುಳಿ ನೆಲದ ಮಟ್ಟದಲ್ಲಿ, ಎಲೆಗಳ ಬುಡದೊಳಗೆ ಅಡಗಿರುತ್ತದೆ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಎಳೆಯ ಪೈರಿನ ಮೇಲೆ ಕೊರಡು ಎಳೆಯುವುದು ಇದೇ ಧೈರ್ಯದಿಂದ. ಬಾಗಿದ ಪೈರು ಬುಡದಿಂದ ಹೆಚ್ಚು ತೆಂಡೆ ಒಡೆಯುತ್ತದೆ. ಅವರೆಯ ಕುಡಿ ತುದಿಯಲ್ಲಿರುವುದರಿಂದ ಅದರ ಮೇಲೆ ಕೊರಡು ಎಳೆದರೆ ಗಿಡ ಮುರಿದೀತು.

ಇದನ್ನೆಲ್ಲ ಈಗ ಬರೆಯಲು ಕಾರಣವುಂಟು. ಹಿಂದೊಮ್ಮೆ ಒಬ್ಬ ಹಿರಿಯರು, “ರಾಗಿ ಹೊಲದ ಕಳೆಗೆ 2,4-ಡಿ ಹೊಡೆಯಬಹುದೇನಪ್ಪಾ?” ಎಂದು ಕೇಳಿದರು. “ಹೊಡೆಯಿರಿ, ರಾಗಿಗೆ ಏನೂ ಆಗದು” ಎಂದೆ. ಅಕ್ಕಡಿ ಸಾಲು ಇದೆಯೇ ಎಂದು ಕೇಳಲಿಲ್ಲ, ತಪ್ಪು ನನ್ನದೇ. ರಾಗಿ ನಿಂತಿತು. ಅವರೆಯ ಸಾಲು ಕಾಂಡ ತಿರುಚಿಕೊಂಡು, ಎಲೆ ಮುದುಡಿ ಹೋಯಿತು. ಆ ವರ್ಷ ಅವರ ಮನೆಗೆ ಅವರೆಕಾಳಿಲ್ಲ.

ಈ ಔಷಧವು ಗಿಡದ ಬೆಳವಣಿಗೆಯ ರಸದಂತೆ ನಟಿಸಿ, ಅಗಲ ಎಲೆಯ ದ್ವಿದಳ ಗಿಡವನ್ನು ಅಡ್ಡಾದಿಡ್ಡಿ ಬೆಳೆಸಿ ಕೊಲ್ಲುತ್ತದೆ. ಹುಲ್ಲಿನ ಜಾತಿ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹಾಗೆಂದೇ ಗರಿಕೆಯೂ ರಾಗಿಯಂತೆಯೇ ಕಾಣುವ ಕಾಡುರಾಗಿಯೂ ಇದಕ್ಕೆ ಬಗ್ಗುವುದಿಲ್ಲ. ಅವಕ್ಕೆ ಕುಂಟೆ, ಕುಡುಗೋಲು, ಕೈ ಇವೇ ಗತಿ.

ಅಕ್ಕಡಿ ಇರುವ ಹೊಲಕ್ಕೆ ಇದನ್ನು ತರಲೇಬೇಡಿರಿ. ಬರಿಯ ರಾಗಿಯಿದ್ದರೂ ಗಾಳಿ ಬೀಸುವಾಗ ಹೊಡೆಯಬೇಡಿರಿ. ನೆರೆಯವರ ಹತ್ತಿಯೋ ಟೊಮೇಟೊವೋ ಕೆಟ್ಟೀತು. ಇದಕ್ಕೆಂದು ಬಳಸಿದ ಪಂಪನ್ನು ತೊಳೆದಿದ್ದರೂ ಅವರೆ, ತೊಗರಿಗೆ ಬಳಸದೆ ಬೇರೆಯೇ ಇಟ್ಟುಕೊಳ್ಳಿರಿ.