ಪದ್ಮಿನಿಯ ಕೆಳಗೆ ಮಲಗಿ ನೋಡಿದ್ದು

ಹಳೆ ಕಾರು ಎಬ್ಬಿಸುತ್ತಿದ್ದೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಎಂಜಿನ್ ವಿಚಾರ. ಜಾಮ್ ಆಗಿತ್ತಾ, ಪಿಸ್ಟನ್ ಸಿಕ್ಕಿತಾ, ಎಷ್ಟು ಬಿತ್ತು? ನಮ್ಮ ದೊಡ್ಡಪ್ಪನ 1979ರ ಪ್ರೀಮಿಯರ್ ಪದ್ಮಿನಿ ಹಲಸೂರಿನ ಮನೆಯ ಕಾಂಪೌಂಡಿನಲ್ಲಿ ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು. ಅದನ್ನು ಮತ್ತೆ ರಸ್ತೆಗಿಳಿಸುವಷ್ಟರಲ್ಲಿ ನಾನು ಪಟ್ಟ ಪಾಡಿನಲ್ಲಿ ಎಂಜಿನ್ನಿನ ಪಾಲು ತೀರಾ ಕಡಿಮೆ.

1089 ಸಿಸಿಯ, ನಾಲ್ಕು ಸಿಲಿಂಡರಿನ ಎಂಜಿನ್ ಅದು. ಎರಕದ ಕಬ್ಬಿಣದ ಬ್ಲಾಕು, ಅಲ್ಯುಮಿನಿಯಂ ಹೆಡ್ಡು. ಜಾಮ್ ಆಗಿತ್ತು, ನಿಜ. ಪ್ಲಗ್ ಬಿಚ್ಚಿ ಒಳಕ್ಕೆ ಡೀಸೆಲ್ಲು ಎಣ್ಣೆ ಬೆರೆಸಿ ಸುರಿದು ನೆನೆಯಲು ಬಿಟ್ಟೆವು. ಸಡಿಲವಾದ ಮೇಲೆ ಇಳಿಸಿ, ಬೋರಿಂಗ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಕೂರಿಸಿ, ಹೆಡ್ಡಿನ ಮುಖ ಮಟ್ಟ ಮಾಡಿಸಿದ್ದಾಯಿತು. ದೇಶದಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರುವರಿಗೆ ನಿಂತಿತು. ಸೀಸವಿದ್ದ ಕಾಲದ ವಾಲ್ವ್ ಸೀಟುಗಳು ಸೀಸವಿಲ್ಲದ ಪೆಟ್ರೋಲಿಗೆ ಬೇಗ ಸವೆಯುತ್ತವೆ, ಹಾಗಾಗಿ ಗಟ್ಟಿ ಸೀಟು ಹಾಕಿಸಿದೆವು. ಇಷ್ಟಕ್ಕೂ ಬೇಕಾದ ಲೇತು, ಕೈಗಳು, ಪಾರ್ಟು ಎಲ್ಲವೂ ಊರಲ್ಲೇ ಇವೆ. ಎಲ್ಲೋ ಎಣ್ಣೆ ಸೋರಿದರೆ ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ಮತ್ತೆ ಮುಚ್ಚಬಹುದು. ಬಿಚ್ಚಿ ಮುಚ್ಚಬಹುದಾದ ಕೆಲಸ ಎಷ್ಟು ಗೋಳಾದರೂ ಹೆದರಿಸುವುದಿಲ್ಲ. ಒಮ್ಮೆ ಮುಟ್ಟಿದರೆ ಹಿಂದಕ್ಕೆ ಹೋಗಲಾಗದ ಕೆಲಸಗಳಿವೆಯಲ್ಲ, ಕಷ್ಟ ಇರುವುದು ಅಲ್ಲಿ.

ಇದನ್ನು ಮೊದಲ ದಿನವೇ ಹೇಳಿದವರು ಟಿಂಕರ್ ಮೇಸ್ತ್ರಿ. ಇಂದಿರಾನಗರದ ನೂರಡಿ ರಸ್ತೆಯ ಆಸುಪಾಸಿನಲ್ಲಿ ಈಗ ಕಾರಿಗೆ ಹೊಳಪು ಕೊಡಿಸಬಹುದೇ ಹೊರತು ತಗಡು ಬಡಿಯುವವರು ಸಿಗುವುದು ಕಷ್ಟ. ನನಗೆ ಸಿಕ್ಕ ಮೇಸ್ತ್ರಿಯ ಶೆಡ್ಡು ಹಳೆ ಮದ್ರಾಸ್ ರಸ್ತೆಯಿಂದ ಒಳಕ್ಕೆ, ಕೆ.ಆರ್. ಪುರದ ಕಡೆ. ನಾನು ಬಾನೆಟ್ ಎತ್ತಿ ತೋರಿಸಲು ಹೋದರೆ ಅವರು ಕೈಯಲ್ಲೇ ತಡೆದರು.

‘ಎಂಜಿನ್ ಎಲ್ಲೂ ಓಡೋಗಲ್ಲ ಸಾರ್, ಬೇಕಾದಾಗ ಇಳಿಸೋಣ. ಮೊದ್ಲು ಕೆಳಗೆ ಮಲಗಿ ನೋಡಿ.’

ಗೋಣಿಚೀಲ ಹಾಸಿ ಮಲಗಿದೆ. ಅವರು ಸ್ಕ್ರೂಡ್ರೈವರ್ ತುದಿಯಿಂದ ಬಾಗಿಲಿನ ಕೆಳಗಿನ ಸಿಲ್ಲನ್ನು ತಟ್ಟುತ್ತಾ ಬಂದರು. ಟಣ್ ಟಣ್ ಅನ್ನುತ್ತಿದ್ದ ಸದ್ದು ಒಂದು ಕಡೆ ಮೆತ್ತಗಾಯಿತು, ಮುಂದಿನ ಪೆಟ್ಟಿಗೆ ಸ್ಕ್ರೂಡ್ರೈವರ್ ಒಳಕ್ಕೇ ಹೋಯಿತು. ಹೊರಗಿನಿಂದ ಬಣ್ಣ ನುಣ್ಣಗೆ ಮಿರುಗುತ್ತಿದ್ದ ಜಾಗ ಅದು. ಅಯಸ್ಕಾಂತ ಹಿಡಿದರೆ ಅಂಟಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ತುಕ್ಕಿನ ಮೇಲೆ ಫೈಬರ್ ಬಟ್ಟೆ ಅಂಟಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರು.

ಬೆಂಗಳೂರಿನಲ್ಲಿ ಕರಾವಳಿಯ ಉಪ್ಪುಗಾಳಿ ಇಲ್ಲ, ಇಲ್ಲಿನ ಗಾಡಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಹಳೆ ಕಾರು ಮಾರುವವರು ಹೇಳುತ್ತಾರೆ. ಅರ್ಧ ಮಾತ್ರ ನಿಜ. ಇಲ್ಲಿ ತುಕ್ಕು ಒಳಗಿನಿಂದ ಬರುತ್ತದೆ. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರಿಯುತ್ತದೆ. ಮಳೆನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಇಳಿದು ಕಾರ್ಪೆಟ್ಟಿನ ಕೆಳಗೆ ಸೇರುತ್ತದೆ. ಮರದ ಕೆಳಗೆ ನಿಂತ ಗಾಡಿಯಾದರೆ ಸಣ್ಣ ಎಲೆಗಳು ಕೊಳೆತು ಸಿಲ್ಲಿನ ನೀರು ಹೋಗುವ ತೂತುಗಳನ್ನು ಮುಚ್ಚುತ್ತವೆ. ಆಮೇಲೆ ತಗಡು ಬೇಸಿಗೆಯಲ್ಲೂ ಒದ್ದೆಯೇ. ಹಳೆ ಕಾರು ಕೊಳ್ಳುವವರು ಎಂಜಿನ್ ಸದ್ದು ಕೇಳುವ ಮೊದಲು ಕಾರ್ಪೆಟ್ ಎತ್ತಿಸಿ ನೋಡಲಿ.

ಪದ್ಮಿನಿಗೆ ಲಾರಿ, ಜೀಪುಗಳಂತೆ ಬೇರೆ ಚಾಸಿ ಇಲ್ಲ. ಬಾಡಿಯೇ ಅದರ ಬೆನ್ನೆಲುಬು. ಎರಡು ಸಿಲ್ಲು, ನೆಲದ ತಗಡು, ನಡುವಿನ ಕಂಬ ಇವೆಲ್ಲ ಸೇರಿ ಭಾರ ಹೊರುತ್ತವೆ. ಸಿಲ್ಲು ಕತ್ತರಿಸಿ ತೆಗೆದರೆ, ಒಳಡಬ್ಬಿ ತೆಗೆದ ಬೆಂಕಿಪೊಟ್ಟಣದ ಹಾಗೆ ಇಡೀ ಬಾಡಿ ಓರೆಯಾಗುತ್ತದೆ. ಓರೆಯಾದ ಸ್ಥಿತಿಯಲ್ಲೇ ಹೊಸ ತಗಡು ವೆಲ್ಡ್ ಮಾಡಿದರೆ ಅದೇ ಕಾಯಂ. ಆಮೇಲೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ, ಗಾಜು ಬಿರಿಯುತ್ತದೆ, ಟೈರು ಒಂದೇ ಕಡೆ ತಿನ್ನುತ್ತದೆ.

ಮೇಸ್ತ್ರಿ ಮಾಡಿದ ಕ್ರಮ ಹೀಗಿತ್ತು. ಎಂಜಿನ್ ಇಳಿಸಿದ ಗಾಡಿಯನ್ನು ಸಸ್ಪೆನ್ಷನ್ ಕೂರುವ ಜಾಗಗಳಲ್ಲೇ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದರು. ಬಾಗಿಲುಗಳನ್ನು ಮುಚ್ಚಿ, ಸುತ್ತಲಿನ ಸಂದಿಯನ್ನು ಅಳೆದು ಚಾಕ್‌ಪೀಸಿನಲ್ಲಿ ಬಾಡಿಯ ಮೇಲೇ ಬರೆದರು. ಆಮೇಲೆ ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಆಂಗಲ್ ವೆಲ್ಡ್ ಮಾಡಿ ಬಿಗಿದರು. ಎರಡೂ ಕಡೆ ಒಟ್ಟಿಗೆ ಕತ್ತರಿಸಲಿಲ್ಲ. ಎಡಗಡೆ ಪೂರ್ತಿ ಮುಗಿಯುವವರೆಗೆ ಬಲಗಡೆಯ ಕೊಳೆತ ಸಿಲ್ಲನ್ನು ಹಾಗೇ ಬಿಟ್ಟರು, ಕೊಳೆತದ್ದಾದರೂ ಅದು ಆಧಾರ ತಾನೆ. ಸಿಲ್ಲಿಗೆ 18 ಗೇಜು, ನೆಲಕ್ಕೆ 20 ಗೇಜು ತಗಡು. ಗ್ಯಾಸ್ ವೆಲ್ಡಿಂಗ್ ಬೇಡವೆಂದರು, ಅದರ ಕಾವಿಗೆ ತೆಳು ತಗಡು ಅಲೆಅಲೆಯಾಗಿ ಎದ್ದುಬಿಡುತ್ತದೆ. ಸಿಒಟು ವೆಲ್ಡಿಂಗಿನಲ್ಲಿ ಇಲ್ಲೊಂದು ಅಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಬಾಗಿಲಿನ ಸಂದಿ ನೋಡಿ, ಮತ್ತೆ ಒಂದು ಚುಕ್ಕೆ. ನೋಡುತ್ತಾ ಕೂತವನಿಗೆ ತಾಳ್ಮೆ ಕೆಡುವ ಕೆಲಸ. ಮುಗಿದ ಮೇಲೆ ಒಳಗೆಲ್ಲ ಮೇಣದಂಥ ಆ್ಯಂಟಿ-ರಸ್ಟ್ ಸಿಂಪಡಿಸಿ, ನೀರಿನ ತೂತುಗಳನ್ನು ಬಿಡಿಸಿ, ಮೇಲೆ ಬಣ್ಣ ಹೊಡೆದರೆ ಅಷ್ಟೆಲ್ಲ ದುಡಿಮೆಯಲ್ಲಿ ಕಣ್ಣಿಗೆ ಬೀಳುವುದು ಏನೂ ಇಲ್ಲ. ಖರ್ಚಿನಲ್ಲಿ ಮಾತ್ರ ಇದೇ ದೊಡ್ಡ ಬಾಬತ್ತು.

ಇದರೊಳಗೇ ಇನ್ನೊಂದು ಎಚ್ಚರ. ಬಾನೆಟ್ ಒಳಗಿನ ತಗಡಿನ ಮೇಲೆ ಚಾಸಿ ನಂಬರ್ ಕೊರೆದಿರುತ್ತದೆ. ಆರ್‌ಸಿ ನವೀಕರಣಕ್ಕೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಮೊದಲು ಕೇಳುವುದು ಅದರ ಪೆನ್ಸಿಲ್ ಪ್ರಿಂಟು. ತುಕ್ಕು ಉಜ್ಜುವ ಭರದಲ್ಲಿ ಗ್ರೈಂಡರ್ ಹಿಡಿದ ಹುಡುಗನ ಕೈ ಅಲ್ಲಿಗೆ ಹೋದರೆ, ಅಥವಾ ಆ ತಗಡೇ ಬದಲಾದರೆ, ಗಾಡಿ ಕಾಗದದಲ್ಲಿ ಸತ್ತ ಹಾಗೆ. ಅನುಮತಿ ಇಲ್ಲದೆ ನಂಬರ್ ಮತ್ತೆ ಕೊರೆಸುವಂತಿಲ್ಲ. ನಾವು ಆ ಜಾಗಕ್ಕೆ ಗ್ರೀಸ್ ಬಳಿದು, ಟೇಪ್ ಸುತ್ತಿ, ‘ಮುಟ್ಟಬೇಡಿ’ ಎಂದು ಮಾರ್ಕರಿನಲ್ಲಿ ಬರೆದಿದ್ದೆವು.

ಪಾರ್ಟು ಹುಡುಕುವುದು ಸುಸ್ತಿನ ಕೆಲಸ, ಆದರೆ ಖುಷಿಯದ್ದೂ ಹೌದು. ಶಿವಾಜಿನಗರದ ಗುಜರಿ ಬಗ್ಗೆ ಊರಿಗೆಲ್ಲ ಒಂದೇ ಜೋಕು ಗೊತ್ತು: ಬೆಳಿಗ್ಗೆ ನಿಲ್ಲಿಸಿದ ಗಾಡಿ ಸಂಜೆಗೆ ಬಿಡಿಬಿಡಿಯಾಗಿ ಅಲ್ಲೇ ಮಾರಾಟಕ್ಕಿರುತ್ತದೆ ಅಂತ. ನಾನು ಕಂಡ ಗುಜರಿ ಬೇರೆ. ಪದ್ಮಿನಿಗೆ ಜನ ಹೇಳುವ ಹಾಗೆ ‘ಫಿಯೆಟ್’ ಅಂದ ಕೂಡಲೇ ಅಂಗಡಿಯ ಭಾಯ್ ಕೇಳಿದ್ದು, ‘ಯಾವ ಮಾಡೆಲ್? ಹ್ಯಾಂಡ್ ಗೇರಾ, ಫ್ಲೋರ್ ಗೇರಾ?’ ನಾನು ತೆಗೆದುಕೊಂಡು ಹೋಗಿದ್ದ ಮುರುಕು ಬಾಗಿಲ ಹಿಡಿಯನ್ನು ತಿರುಗಿಸಿ ನೋಡಿ, ಅದು ನಮ್ಮ ಗಾಡಿಯದ್ದೇ ಅಲ್ಲ, ಯಾರೋ ಆಮೇಲೆ ಹಾಕಿದ್ದು ಎಂದುಬಿಟ್ಟರು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ, ತಯಾರಿಕೆ ನಿಂತದ್ದು 2000ದ ಹೊತ್ತಿಗೆ. ಇಷ್ಟು ವರ್ಷಗಳಲ್ಲಿ ಹೊರಗಿನಿಂದ ಹೆಚ್ಚೇನೂ ಬದಲಾಗಲಿಲ್ಲ, ಒಳಗಿನ ಸಣ್ಣಪುಟ್ಟದ್ದು ಬದಲಾಗುತ್ತಲೇ ಇತ್ತು. ಹಾಗಾಗಿ ಗುಜರಿಗೆ ಹೋಗುವವರು ಫೋನಿನ ಫೋಟೊ ನಂಬದೆ ಹಳೆ ಪಾರ್ಟನ್ನೇ ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಲೇಸು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಪಾರ್ಟು ಮಾಡುವವರಿಗೆ ಗಿರಾಕಿ ಇದ್ದರು. ಎಂಜಿನ್ ಪಾರ್ಟು ಇನ್ನೂ ಸಿಗುತ್ತದೆ, ಬೀಡಿಂಗಿನಂಥ ರಬ್ಬರು, ಕ್ರೋಮಿಯಂ ಪಟ್ಟಿ, ತ್ರಿಕೋನದ ಕಿಟಕಿ ಗಾಜಿನ ಕೊಂಡಿ ಇವೇ ಸತಾಯಿಸುವುದು.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಲವತ್ತು ವರ್ಷಗಳಲ್ಲಿ ಬಂದ ಪ್ರತಿ ಎಲೆಕ್ಟ್ರಿಷಿಯನ್ನೂ ಒಂದೊಂದು ವೈರು ಸೇರಿಸಿ, ಹಳೆಯದನ್ನು ತೆಗೆಯದೆ ಹೋಗಿದ್ದ. ಪೂರ್ತಿ ಹೊರಗೆಳೆದು ಮಹಡಿಯ ಮೇಲೆ ಹಾಸಿ, ಒಂದೊಂದಕ್ಕೂ ಚೀಟಿ ಕಟ್ಟಿ ಹೊಸದು ಮಾಡಿಸಿದೆ.

ಇನ್ನು ಬದಲಾವಣೆಗಳ ಮಾತು. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಮಧ್ಯಾಹ್ನ ಸಿಕ್ಕಿಹಾಕಿಕೊಂಡ ಯಾವ ಪದ್ಮಿನಿಗೂ ಟೆಂಪರೇಚರ್ ಮುಳ್ಳು ನೆಟ್ಟಗೆ ನಿಲ್ಲುವುದಿಲ್ಲ. ಇದರ ಫ್ಯಾನು ಬೆಲ್ಟಿನಿಂದ ತಿರುಗುವಂಥದ್ದು. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ಗಾಳಿ ಬೇಕಾದ ಹೊತ್ತಿಗೇ ಗಾಳಿ ಇಲ್ಲ. ಪೆಟ್ರೋಲ್ ಪಂಪು ಬಿಸಿಯಾಗಿ ಪೆಟ್ರೋಲು ಒಳಗೇ ಆವಿಯಾಗುತ್ತದೆ, ಗಾಡಿ ನಿಲ್ಲುತ್ತದೆ, ಹಿಂದಿನ ಬಸ್ಸಿನವನ ಹಾರನ್ ಶುರುವಾಗುತ್ತದೆ. ಸರಿ, ಎಲೆಕ್ಟ್ರಿಕ್ ಫ್ಯಾನ್ ಹಾಕಿಸೋಣ ಎಂದರೆ ಹಳೆ ಡೈನಮೋ ಅಷ್ಟು ಕರೆಂಟ್ ಕೊಡುವುದಿಲ್ಲ. ಆಲ್ಟರ್ನೇಟರ್ ಬೇಕು. ಅದಕ್ಕೆ ಬೇರೆ ಬ್ರಾಕೆಟ್ಟು, ಬೇರೆ ಬೆಲ್ಟು, ದಪ್ಪ ವೈರು, ರಿಲೇ. ಒಂದು ಬದಲಾವಣೆ ಯಾವತ್ತೂ ಒಂಟಿಯಾಗಿ ಬರುವುದಿಲ್ಲ. ಇದೆಲ್ಲವನ್ನೂ ಮಾಡಿಸಿದೆ. ಬಾಡಿಗೆ ಹೊಸ ತೂತು ಕೊರೆಯದೆ, ಇದ್ದ ಬೋಲ್ಟುಗಳಿಗೇ ಕೂರುವ ಹಾಗೆ ಮಾಡಿಸಬೇಕು ಅನ್ನುವ ಒಂದೇ ಹಟ ನನ್ನದು. ಡೈನಮೋ, ಹಳೆ ಫ್ಯಾನು, ಅವುಗಳ ನಟ್ಟುಬೋಲ್ಟು ಸಮೇತ ಅಟ್ಟದ ಮೇಲಿವೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್. ಅದಕ್ಕೆ ಹಳೆ ರಬ್ಬರ್ ಪೈಪು ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಾಮ್ ಉಬ್ಬುತ್ತದೆ. ಅವನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿದ್ದು ಮಾತ್ರ ಎರಡನೇ ಯೋಚನೆ ಇಲ್ಲದೆ.

ಸ್ನೇಹಿತರ ಒತ್ತಾಯ ದೊಡ್ಡ ಬದಲಾವಣೆಗೇ ಇತ್ತು. ಗುಜರಿಯಿಂದ ಮಾರುತಿಯ ದೊಡ್ಡ ಎಂಜಿನ್ ತಂದು ಕೂರಿಸು, ಐದು ಗೇರು ಬರುತ್ತದೆ, ಎ.ಸಿ. ಬರುತ್ತದೆ. ಮಾಡುವವರು ಇದ್ದಾರೆ, ಚೆನ್ನಾಗಿಯೇ ಮಾಡುತ್ತಾರೆ. ಆದರೆ ಅದಕ್ಕೆ ಎಂಜಿನ್ ಕೂರುವ ಕಡೆಗಳನ್ನೂ, ಗೇರ್‌ಬಾಕ್ಸಿನ ಮೇಲಿನ ನೆಲವನ್ನೂ ಕತ್ತರಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿತು. ಕಾನೂನು ಬಿಟ್ಟರೂ ನನಗೆ ಒಪ್ಪಿಗೆಯಾಗಲಿಲ್ಲ. ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ತೆಗೆದ ಮೇಲೆ ಅದನ್ನು ಪದ್ಮಿನಿ ಅನ್ನುವುದು ಯಾಕೆ?

ಎಚ್‌ಎಎಲ್ ಕಡೆ ಹೋಗುವಾಗಲೆಲ್ಲ ಒಂದು ವಿಚಾರ ನೆನಪಾಗುತ್ತದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ಯುರೋಪು, ಅಮೆರಿಕ ಸುತ್ತಿ ಬಂದಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಮೈಸೂರು ಸಂಸ್ಥಾನವೂ ಕೈಜೋಡಿಸಲು ಮುಂದಾಗಿತ್ತು. ಬ್ರಿಟಿಷ್ ಸರ್ಕಾರ ಬಿಡಲಿಲ್ಲ. 1940ರಲ್ಲಿ ವಾಲ್‌ಚಂದರು ಬೆಂಗಳೂರಿನಲ್ಲಿ ತೆರೆದದ್ದು ವಿಮಾನದ ಕಾರ್ಖಾನೆ, ಅದೇ ಮುಂದೆ ಎಚ್‌ಎಎಲ್ ಆಯಿತು. ಕಾರಿಗಾಗಿ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಕಂಪನಿ ಹುಟ್ಟಿತು, ನಮ್ಮ ಪದ್ಮಿನಿ ತಯಾರಾದದ್ದು ಅಲ್ಲಿನ ಕುರ್ಲಾದಲ್ಲಿ. ಸ್ವಲ್ಪ ತಪ್ಪಿತು, ಇಲ್ಲದಿದ್ದರೆ ಇದು ನಮ್ಮೂರ ಕಾರೇ ಆಗುತ್ತಿತ್ತೇನೋ.

ಕೊನೆಗೆ ಕಾಗದಪತ್ರ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಂದ 5,000ಕ್ಕೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಆಯಿತು. ಬ್ರೇಕು, ಲೈಟು, ಹಾರನ್, ಹೊಗೆ, ಎಲ್ಲ ಸರಿಯಿರಬೇಕು. ಆರ್‌ಸಿಯ ಬಣ್ಣವೇ ಗಾಡಿಯ ಬಣ್ಣ ಆಗಿರಬೇಕು. ನಾವು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಉಳಿದಿದ್ದ ಮೂಲ ಬಣ್ಣ ನೋಡಿಕೊಂಡೇ ಹೊಡೆಸಿದ್ದರಿಂದ ಆ ತಕರಾರು ಬರಲಿಲ್ಲ.

2021ರಲ್ಲಿ ಬಂದ ವಿಂಟೇಜ್ ನಿಯಮ ಐವತ್ತು ತುಂಬಿದ ಗಾಡಿಗಳಿಗೆ ‘ವಿಎ’ ಅಕ್ಷರವಿರುವ ನಂಬರ್ ಕೊಡುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು ಎಂಬುದು ಅದರ ಷರತ್ತು. ಮಾರುತಿ ಎಂಜಿನ್ ಕೂರಿಸಿದ್ದರೆ ಆ ಬಾಗಿಲು ಮುಚ್ಚುತ್ತಿತ್ತು. ನಮ್ಮ ಗಾಡಿಗೆ 2029ರಲ್ಲಿ ಐವತ್ತು. ಅರ್ಜಿ ಹಾಕಬೇಕೋ ಬೇಡವೋ ಮನೆಯಲ್ಲಿ ಒಮ್ಮತವಿಲ್ಲ. ವಿಎ ನಂಬರಿನ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಒಯ್ಯಬಹುದು, ದಿನದ ಓಡಾಟಕ್ಕೆ ಒಯ್ಯುವಂತಿಲ್ಲ. ಭಾನುವಾರ ರಸೆಲ್ ಮಾರ್ಕೆಟ್ಟಿಗೆ ಹೋಗಿ ತರಕಾರಿ ತುಂಬಿ ಡಿಕ್ಕಿ ಮುಚ್ಚುವ ಸುಖ ಬಿಟ್ಟು ಆ ಎರಡಕ್ಷರ ನನಗೆ ಬೇಡ ಅನ್ನಿಸುತ್ತದೆ. ನನ್ನ ಮಗಳು ಬೇಕು ಅನ್ನುತ್ತಾಳೆ. ತೀರ್ಮಾನಕ್ಕೆ ಸಮಯವಿದೆ, ಅದಕ್ಕೆ ಮೊದಲು ಸ್ಟೀರಿಂಗ್ ಬಾಕ್ಸ್ ಬಿಚ್ಚಬೇಕು, ಪ್ಲೇ ಬಹಳ ಆಗಿದೆ.