ಹುಲಿ ಎರಡು ಸಲ ಹಾರಬಹುದಾ?

ನಾವು ಆಡೋ ಹುಲಿ-ಕುರಿ ಆಟದಲ್ಲಿ 3 ಹುಲಿ, 15 ಕುರಿ, ಗೆರೆಗಳು ಕೂಡುವ 23 ಜಾಗ. ಪಕ್ಕದ ಕುರಿಯ ಆಚೆ ಅದೇ ಗೆರೆಯಲ್ಲಿ ಖಾಲಿ ಇದ್ರೆ ಹುಲಿ ಹಾರಿ ತಿನ್ನುತ್ತೆ. ಇಲ್ಲಿವರೆಗೆ ಜಗಳ ಇಲ್ಲ. ಅದೇ ಸರದಿಯಲ್ಲಿ ಇನ್ನೊಂದನ್ನೂ ತಿನ್ನಬಹುದಾ? ಕಡೂರಿನ ಗೆಳೆಯ ಹೌದು ಅಂತಾನೆ, ತರೀಕೆರೆಯವನು ಇಲ್ಲ ಅಂತಾನೆ. ಅಜ್ಜಂಪುರದವನಿಗೆ ಅವರಜ್ಜಿ ಹೇಳಿದ್ದೇ ರೂಲ್. (ಅಜ್ಜಿ ಹತ್ರ ಯಾರು ವಾದ ಮಾಡ್ತಾರೆ?) ಆಟ ಅರ್ಧಕ್ಕೇ ನಿಂತಿದೆ.

ಚೆಕರ್ಸ್‌ನಲ್ಲಿ ಸಾಲಾಗಿ ಹಾರೋದು ಸರಿ, ಅಲ್ಲಿ ಎರಡೂ ಕಡೆಯವರು ತಿನ್ನಬಹುದು. ಇಲ್ಲಿ ಕುರಿಗಳಿಗೆ ಗೊತ್ತಿರೋದು ಒತ್ತಾಗಿ ನಿಂತು ಹುಲಿಗಳನ್ನು ಕಟ್ಟಿಹಾಕೋದು ಮಾತ್ರ. ಒಂದು ಕುರಿ ಹೋದರೆ ಆ ಸಂದು ಮುಚ್ಚೋಕೆ ಒಂದು ನಡೆ ಬೇಕೇ ಬೇಕು. ಎರಡನೇ ಹಾರಾಟ ಆ ನಡೆಯನ್ನೇ ಕಿತ್ಕೊಳ್ಳುತ್ತೆ. ಹಾಗಾಗಿ ನನ್ನ ಪ್ರಕಾರ ಸರದಿಗೆ ಒಂದೇ ಹಾರಾಟ. ಒಪ್ಪದವರು ಮೊದಲ ಕುರಿ ಇಡೋಕೆ ಮುಂಚೆ ಹೇಳಿಬಿಡಿ.